ರೇಡಿಯೋದಲ್ಲಿ ಹೇಳಿದ್ದು, ತಟ್ಟೆಗೆ ಬಂದದ್ದು

"ಆ ಮಳವಳ್ಳಿಯವರು ಕೇಳಿದ್ದು ಒಂದೇ ಪ್ರಶ್ನೆ. ರಾಗಿಮುದ್ದೆ ತಿಂದರೆ ಶುಗರ್ ಮಾತ್ರೆ ಬಿಡಬಹುದಾ ಅಂತ. ನೀನು ನಾಲ್ಕು ಉತ್ತರ ಕೊಟ್ಟೆ ಕಣಮ್ಮ."

"ನಾಲ್ಕಲ್ಲ ಮಾವ, ಒಂದೇ. ಮಾತ್ರೆ ಬಿಡಬೇಡಿ ಅಂತ ಮೊದಲೇ ಹೇಳಿದೆ. ಮಿಕ್ಕಿದ್ದು ವಿವರ."

"ಆ ವಿವರ ಮಳವಳ್ಳಿವರೆಗೆ ಹೋಗಿರಲಾರದು."

ಮಾತು ಶುರುವಾದದ್ದು ಮೈಸೂರಿನ ಒಂದು ಮನೆಯ ಊಟದ ಮೇಜಿನ ಮುಂದೆ. ಮಾವ ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವರು, ಆರೋಗ್ಯ ಪುರವಣಿಯನ್ನೂ ನೋಡಿಕೊಂಡವರು. ಎದುರು ಕೂತವಳು ಅವರ ಅಕ್ಕನ ಮಗಳು, ಆಸ್ಪತ್ರೆಯಲ್ಲಿ ಆಹಾರ ತಜ್ಞೆ. ಬೆಳಗ್ಗೆ ರೋಗಿಗಳ ಊಟದ ಪಟ್ಟಿ ಬರೆಯುತ್ತಾಳೆ. ಮಿಕ್ಕ ಹೊತ್ತಿನಲ್ಲಿ ರೇಡಿಯೋ ಫೋನ್-ಇನ್‌ನಲ್ಲಿ ಮಾತಾಡುತ್ತಾಳೆ, ಪತ್ರಿಕೆಗೆ ಅಂಕಣ ಬರೆಯುತ್ತಾಳೆ, ಮೊಬೈಲಿಗೆಂದು ಚಿಕ್ಕ ಚಿಕ್ಕ ವಿಡಿಯೋ ಮಾಡುತ್ತಾಳೆ. ಆ ದಿನದ ಫೋನ್-ಇನ್ ಮುಗಿಸಿ ಊಟಕ್ಕೆಂದು ಮಾವನ ಮನೆಗೆ ಬಂದಿದ್ದಳು. ಅಡುಗೆಮನೆಯಲ್ಲಿ ಅತ್ತೆ ಹುರುಳಿಕಾಳು ಬೇಯಲಿಟ್ಟಿದ್ದರು.

"ಹಾಗಾದರೆ ನೀವೇ ಇದ್ದಿದ್ದರೆ ಏನು ಹೇಳ್ತಿದ್ರಿ?"

"ನಾನು ಹೇಳ್ತಿರಲಿಲ್ಲ, ಶೀರ್ಷಿಕೆ ಕೊಡ್ತಿದ್ದೆ. ಜಾಗ ಇರೋದು ಐದಾರು ಪದಕ್ಕೆ. 'ರಾಗಿ ತಿನ್ನಿ, ಮಧುಮೇಹ ಓಡಿಸಿ' ಅಂದರೆ ಓದ್ತಾರೆ. 'ರಾಗಿಯ ಪ್ರಮಾಣ ಮತ್ತು ಜೊತೆಗಿನ ಪದಾರ್ಥ ನೋಡಿಕೊಳ್ಳಿ' ಅಂದರೆ ಪುಟ ತಿರುಗಿಸ್ತಾರೆ. ನಿನ್ನ ಕಷ್ಟ ನನಗೆ ಗೊತ್ತು ಅಂತಲೇ ಹೇಳ್ತಿದೀನಿ."

"ಆದರೆ ಮೊದಲನೇ ಶೀರ್ಷಿಕೆ ಸುಳ್ಳು ಮಾವ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರ ಪದಾರ್ಥಗಳ ಕೋಷ್ಟಕ ಹೊರಡಿಸಿತು. ಅದರ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ. ಪಾಲಿಶ್ ಅಕ್ಕಿಯಲ್ಲಿ ಎಂಟು ಮಿಲಿಗ್ರಾಮೂ ಇಲ್ಲ. ಮೂಳೆ ವಿಷಯಕ್ಕೆ ಬಂದರೆ ರಾಗಿ ಹತ್ತಿರಕ್ಕೂ ಅಕ್ಕಿ ಬರಲ್ಲ. ಆದರೆ ಕಾರ್ಬೋಹೈಡ್ರೇಟ್ ನೋಡಿ. ಅಕ್ಕಿಯಲ್ಲಿ 78 ಗ್ರಾಂ, ರಾಗಿಯಲ್ಲಿ 67ರ ಹತ್ತಿರ. ಅಂದರೆ ಎರಡು ದೊಡ್ಡ ಮುದ್ದೆ ನುಂಗಿ ಮೇಲೆ ಬರೀ ತಿಳಿಸಾರು ಸುರಿದುಕೊಂಡರೆ ಶುಗರ್ ಏರೇ ಏರುತ್ತೆ. ಒಂದು ಮುದ್ದೆ, ಜೊತೆಗೆ ಕಾಳು, ಸೊಪ್ಪು ಇದ್ದರೆ ಏರೋದು ನಿಧಾನ. ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ."

"ಈಗ ನನಗೆ ಹೇಳಿದ ಹಾಗೆ ಅಲ್ಲಿ ಹೇಳಲಿಲ್ಲ ನೀನು. ಅಲ್ಲಿ 'ನಾರಿನಂಶ', 'ಗ್ಲೈಸೆಮಿಕ್' ಅಂತೆಲ್ಲ ಬಂತು. ಒಂದು ಮುದ್ದೆ, ಎರಡು ಮುದ್ದೆ ಅನ್ನೋ ಲೆಕ್ಕ ಬರಲೇ ಇಲ್ಲ."

ಅವಳು ಅದಕ್ಕೆ ತಕ್ಷಣ ಎದುರಾಡಲಿಲ್ಲ. ಮಾವ ಅಲ್ಲಿಗೇ ಬಿಡದೆ ಮುಂದುವರಿಸಿದರು.

"ಖಾದರ್ ವಲಿ ಅವರನ್ನು ನೋಡು. ನಮ್ಮ ಮೈಸೂರಿನವರೇ, 2023ರಲ್ಲಿ ಪದ್ಮಶ್ರೀ ಬಂತು. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಈ ಐದು ಹೆಸರು ಊರೂರಿನಲ್ಲಿ ಬಾಯಿಪಾಠ ಆಗಿದೆ. ಕೊರಲೆ ಅನ್ನೋ ಧಾನ್ಯ ಇದೆ ಅಂತಲೇ ಪೇಟೆಯ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಅವರು ಸಭಾಂಗಣದಲ್ಲಿ ನಿಂತು ಕನ್ನಡದಲ್ಲಿ, ಗಟ್ಟಿಯಾಗಿ, 'ಆದರೆ', 'ಹೋದರೆ' ಇಲ್ಲದೆ ಮಾತಾಡಿದರು. ಜನ ಕೇಳಿದರು. ನಿಮ್ಮಂಥ ಓದಿದವರು ಪ್ರತಿ ವಾಕ್ಯಕ್ಕೂ ಒಂದು 'ಆದರೆ' ಹಾಕ್ತೀರಿ."

"ಆ ಧಾನ್ಯಗಳನ್ನು ಅವರು ಮತ್ತೆ ಅಡುಗೆಮನೆಗೆ ತಂದದ್ದಕ್ಕೆ ನನಗೂ ಗೌರವ ಇದೆ. ಬಿಳಿ ಅಕ್ಕಿಯ ಜಾಗಕ್ಕೆ ಸಾಮೆನೋ ನವಣೆನೋ ಬಂದರೆ ನಾರಿನಂಶ ಹೆಚ್ಚುತ್ತೆ, ಒಳ್ಳೆಯದೇ. ಆದರೆ ಈ ಧಾನ್ಯಕ್ಕೆ ಈ ಕಾಯಿಲೆ ವಾಸಿ ಅಂತ ಪಟ್ಟಿ ಮಾಡಿ ವಾಟ್ಸಾಪಿನಲ್ಲಿ ಹಂಚ್ತಾರಲ್ಲ, ಆ ಪಟ್ಟಿ ಹಿಡಿದುಕೊಂಡು ಆಸ್ಪತ್ರೆಗೆ ಬಂದವರ ಮುಂದೆ ಕೂರೋದು ನಾನು. ಇನ್ಸುಲಿನ್ ನಿಲ್ಲಿಸಿ ಬಂದವರ ಮುಂದೆ ಕೂತಾಗ ನನ್ನ ಬಾಯಲ್ಲಿ 'ಆದರೆ' ಬರದೆ ಇನ್ನೇನು ಬರಬೇಕು? 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಬಂತು. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ. ಅಷ್ಟು ಜನರಲ್ಲಿ ನೂರಕ್ಕೊಬ್ಬರು ಮಾತ್ರೆ ಬಿಟ್ಟರೂ ಎಷ್ಟಾಯಿತು ಲೆಕ್ಕ ಹಾಕಿ."

ಈ ವಾದದಲ್ಲಿ ಇಬ್ಬರ ಕಡೆಗೂ ಸತ್ಯವಿದೆ. ಆಸ್ಪತ್ರೆಯ ಕೋಣೆಯಲ್ಲಿ ತಜ್ಞೆಯ ಎದುರು ಒಬ್ಬ ಮನುಷ್ಯ ಕೂತಿರುತ್ತಾನೆ. ಅವನ ವಯಸ್ಸು, ತೂಕ, ರಕ್ತಪರೀಕ್ಷೆಯ ವರದಿ, ಕೆಲಸ, ಕೈಲಿರುವ ದುಡ್ಡು ಎಲ್ಲವೂ ಅವಳಿಗೆ ಗೊತ್ತು. ಮೈಕ್ ಮುಂದೆ ಕೂತಾಗ ಇದ್ಯಾವುದೂ ಗೊತ್ತಿಲ್ಲ. ಅದೇ ಮಾತನ್ನು ಬೆಳೆಯುವ ಹುಡುಗಿ, ಬಸುರಿ, ಡಯಾಲಿಸಿಸ್‌ಗೆ ಹೋಗುವ ಮುದುಕ ಮೂವರೂ ಕೇಳುತ್ತಾರೆ, ಮೂವರೂ ತನಗೇ ಹೇಳಿದ್ದೆಂದು ತಿಳಿಯುತ್ತಾರೆ. ದಿನಾ ಎಳನೀರು ಕುಡಿಯಿರಿ, ಬಾಳೆಹಣ್ಣು ತಿನ್ನಿ ಎಂಬ ಒಳ್ಳೆಯ ಸಲಹೆ ಮೂತ್ರಪಿಂಡ ಸೋತವರ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಿ ಹೃದಯಕ್ಕೇ ಅಪಾಯ ತರಬಹುದು.

"ನಾನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದರು ಮಾವ. "ನಾನು ಪುರವಣಿ ನೋಡಿಕೊಳ್ತಿದ್ದ ಕಾಲದಿಂದ ರಕ್ತಹೀನತೆ ಬಗ್ಗೆ ಲೇಖನ ಹಾಕ್ತಾನೇ ಬಂದ್ವಿ. ನುಗ್ಗೆಸೊಪ್ಪು ತಿನ್ನಿ, ನಿಂಬೆಹಣ್ಣು ಹಿಂಡಿಕೊಳ್ಳಿ, ಕಬ್ಬಿಣದ ಬಾಣಲೆ ಬಳಸಿ. ರೇಡಿಯೋದಲ್ಲೂ ಅದೇ, ಟಿವಿಯಲ್ಲೂ ಅದೇ. ಕೊನೆಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳಿತು? 2015-16ರಲ್ಲಿ ದೇಶದ ಹೆಂಗಸರಲ್ಲಿ ಶೇ 53ರಷ್ಟು ಜನಕ್ಕೆ ರಕ್ತಹೀನತೆ. 2019-21ಕ್ಕೆ ಅದು 57. ನಮ್ಮ ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧಕ್ಕರ್ಧ ಹೆಂಗಸರು. ನಾವು ಅಷ್ಟೆಲ್ಲ ಬರೆದದ್ದು ಎಲ್ಲಿ ಹೋಯಿತು?"

"ಬರೆಯದೆ ಇದ್ದಿದ್ದರೆ ಎಷ್ಟಾಗ್ತಿತ್ತೋ ಯಾರಿಗೆ ಗೊತ್ತು?"

"ಅದು ಉತ್ತರ ಅಲ್ಲ."

"ಸರಿ, ಉತ್ತರ ಕೊಡ್ತೀನಿ. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಅವರ ವಿಷಯ ನಿಮಗೆ ಗೊತ್ತಲ್ಲ?"

ಗೊತ್ತಿತ್ತು. ಆದರೂ ಅವಳು ಹೇಳಿದಳು, ಹೇಳುವಾಗ ದನಿಗೆ ಬಿಸಿ ಬಂತು. ಭೇದಿಯಿಂದ ಸೊರಗಿದ ಮಗುವಿಗೆ ಕುಡಿಸುವ ಓಆರ್‌ಎಸ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದ ಲೆಕ್ಕವಿದೆ. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಔಷಧದಂಗಡಿಯ ಕಪಾಟಿನಲ್ಲಿ ಅದರ ಪಕ್ಕದಲ್ಲೇ ಬಣ್ಣಬಣ್ಣದ ಪೊಟ್ಟಣಗಳ ಪಾನೀಯಗಳು. ಹೆಸರಿನೊಳಗೇ ಓಆರ್‌ಎಸ್ ಎಂಬ ಅಕ್ಷರಗಳು, ಆದರೆ ಕೆಲವುಗಳಲ್ಲಿ ಲೀಟರಿಗೆ 120 ಗ್ರಾಂ ಸಕ್ಕರೆ. ಅಷ್ಟು ಸಕ್ಕರೆ ಕರುಳಿಗೆ ಇಳಿದರೆ ಅದು ಮೈಯ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ, ಭೇದಿ ಇನ್ನೂ ಹೆಚ್ಚುತ್ತದೆ. ಆ ಡಾಕ್ಟರ್ ಎಂಟು ವರ್ಷ ಇದರ ಹಿಂದೆ ಬಿದ್ದರು. ವಿಡಿಯೋ ಮಾಡಿದರು, ಅಧಿಕಾರಿಗಳಿಗೆ ಬರೆದರು, ತೆಲಂಗಾಣ ಹೈಕೋರ್ಟಿಗೆ ಹೋದರು. 2022ರಲ್ಲಿ ಮೊದಲು ತಡೆ ಬಂತು. ಕೆಲವೇ ತಿಂಗಳಲ್ಲಿ, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಸೂತ್ರವಲ್ಲ ಎಂಬ ಒಂದು ಸಾಲು ಅಚ್ಚುಹಾಕಿದರೆ ಸಾಕು ಎಂದು ಆ ತಡೆ ಸಡಿಲವಾಯಿತು. ಕೊನೆಗೆ 2025ರ ಅಕ್ಟೋಬರ್ 14ರಂದು ಆಹಾರ ಸುರಕ್ಷತಾ ಪ್ರಾಧಿಕಾರ, ಆಹಾರ ಪದಾರ್ಥದ ಹೆಸರಿನಲ್ಲಿ ಓಆರ್‌ಎಸ್ ಎಂಬುದನ್ನು ಹಿಂದೆಮುಂದೆ ಏನು ಸೇರಿಸಿಯೂ ಬಳಸಕೂಡದು ಎಂದು ಆದೇಶಿಸಿತು. ಸುದ್ದಿ ಹೇಳಲು ಆ ಡಾಕ್ಟರ್ ಕ್ಯಾಮೆರಾ ಮುಂದೆ ಕೂತು ಅತ್ತುಬಿಟ್ಟರು.

"ಅದೂ ಮಾಧ್ಯಮವೇ ಮಾವ. ಅವರು ಬರೀ ಕ್ಲಿನಿಕ್ಕಿನಲ್ಲಿ ಕೂತು ಒಬ್ಬೊಬ್ಬ ತಾಯಿಗೆ ಹೇಳ್ತಾ ಇದ್ದಿದ್ದರೆ ಆ ಪೊಟ್ಟಣ ಇವತ್ತೂ ಅಲ್ಲೇ ಇರ್ತಿತ್ತು."

"ಒಪ್ಪಿದೆ. ಆದರೆ ನಿನ್ನ ಮಾತೇ ಇನ್ನೊಂದು ಕಡೆಗೆ ಹೋಗ್ತಿದೆ ನೋಡು. ಅಲ್ಲಿ ಬದಲಾದದ್ದು ಕಾನೂನು. ಇದನ್ನು ತಿನ್ನಿ, ಅದನ್ನು ಬಿಡಿ ಅಂತ ಜನಕ್ಕೆ ಹೇಳಿ ಗೆದ್ದದ್ದಲ್ಲ. ಬೋರ್ನ್‌ವಿಟಾ ಕಥೆಯೂ ಅಷ್ಟೇ. 2023ರಲ್ಲಿ ಒಬ್ಬ ಹುಡುಗ, ರೇವಂತ್ ಹಿಮತ್‌ಸಿಂಗ್ಕಾ, ಅದರಲ್ಲಿ ಎಷ್ಟು ಸಕ್ಕರೆ ಇದೆ ನೋಡಿ ಅಂತ ವಿಡಿಯೋ ಹಾಕಿದ. ಕಂಪನಿ ಲಾಯರ್ ನೋಟಿಸ್ ಕೊಟ್ಟಿತು, ಅವನು ವಿಡಿಯೋ ತೆಗೆದ. ಆದರೆ ಮಾತು ನಿಲ್ಲಲಿಲ್ಲ. ವರ್ಷ ಮುಗಿಯೋದರೊಳಗೆ ಕಂಪನಿ ಸೇರಿಸೋ ಸಕ್ಕರೆಯನ್ನು ಶೇ 14ರಷ್ಟು ಇಳಿಸಿತು. ಮರುವರ್ಷ ಕೇಂದ್ರ ವಾಣಿಜ್ಯ ಸಚಿವಾಲಯ, ಇಂಥ ಪುಡಿಗಳನ್ನು ಹೆಲ್ತ್ ಡ್ರಿಂಕ್ ಅನ್ನೋ ಪಟ್ಟಿಯಿಂದ ತೆಗೀರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಆ ಹುಡುಗ ಪೋಷಣೆ ತಜ್ಞನೂ ಅಲ್ಲ. ಹಾಗಿದ್ದ ಮೇಲೆ ಮುದ್ದೆ, ಸಾರು, ಪಲ್ಯ ಅಂತ ನೀನು ಪ್ರತಿ ವಾರ ಗಂಟಲು ನೋಯಿಸಿಕೊಳ್ಳೋದು ಯಾತಕ್ಕೆ? ಪೊಟ್ಟಣದ ಹಿಂದೆ ಬೀಳು."

"ಅವರು ಫೋನ್ ಮಾಡ್ತಾರಲ್ಲ ಮಾವ, ಅದಕ್ಕೆ. ಮಳವಳ್ಳಿಯವರಿಗೆ ನಾನು ಏನು ಹೇಳಲಿ, ಕಾನೂನು ಬರೋತನಕ ಕಾಯಿರಿ ಅಂತಲಾ?"

ಅಷ್ಟು ಹೇಳಿ ಅವಳು ಇನ್ನೊಂದು ಉದಾಹರಣೆ ತೆಗೆದಳು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಗಡಿ ದಾಟಿ ಬಂದಾಗ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ನರಕ್ಕೆ ಏರಿಸುವ ದ್ರವ ಮುಗಿದುಹೋಗುತ್ತಿತ್ತು. ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಆ ಮಿಶ್ರಣ ಮಾಡುವ ವಿಧಾನವನ್ನು ಬಾಂಗ್ಲಾದ ಗುಪ್ತ ರೇಡಿಯೋ ಕೇಂದ್ರವೊಂದು ಗಡಿಯಾಚೆಯ ಜನಕ್ಕೂ ಬಿತ್ತರಿಸಿತು.

"ಯುದ್ಧದ ನಡುವೆ, ಕದ್ದು ನಡೆಸ್ತಿದ್ದ ರೇಡಿಯೋದಲ್ಲಿ ಉಪ್ಪು, ಸಕ್ಕರೆ, ನೀರಿನ ಲೆಕ್ಕ! ಇದಕ್ಕಿಂತ ಒಳ್ಳೆಯ ಪ್ರಸಾರ ಯಾವುದಿದೆ ಹೇಳಿ?"

ಮಾವ ಈ ವಿಷಯಕ್ಕೆ ಕಾದಿದ್ದವರಂತೆ ಮುಂದಕ್ಕೆ ಬಾಗಿದರು.

"ಆ ಕಥೆ ಅಲ್ಲಿಗೆ ಮುಗಿಯಲ್ಲ ಕಣಮ್ಮ. ಅದರ ಮುಂದಿನ ಭಾಗ ನಾನು ಹೇಳ್ತೀನಿ ಕೇಳು. ಬಾಂಗ್ಲಾದೇಶ ಆದ ಮೇಲೆ ಬ್ರಾಕ್ ಅನ್ನೋ ಸಂಸ್ಥೆ ಅದೇ ವಿದ್ಯೆಯನ್ನು ಇಡೀ ದೇಶಕ್ಕೆ ಕಲಿಸೋಕೆ ಹೊರಟಿತು. 1980ರಿಂದ 1990ರವರೆಗೆ. ಬರೀ ರೇಡಿಯೋ ನೆಚ್ಚಿಕೊಳ್ಳಲಿಲ್ಲ. ಹೆಂಗಸರ ತಂಡಗಳು ಹಳ್ಳಿಹಳ್ಳಿಗೆ ಹೋಗಿ, ಮನೆಮನೆಗೆ ಹೋಗಿ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಅಂತ ಹೇಳಿಕೊಟ್ಟರು. ಒಂದು ಕೋಟಿ ಇಪ್ಪತ್ತು ಲಕ್ಷ ಮನೆಗಳು. ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿದ್ದು. ಕಲಿಸಿದವರಿಗೆ ಸಂಬಳ ಹೇಗೆ ಗೊತ್ತಾ? ಕೆಲವು ವಾರ ಬಿಟ್ಟು ಬೇರೆಯವರು ಬಂದು ಆ ತಾಯಂದಿರನ್ನು ಪರೀಕ್ಷೆ ಮಾಡೋರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳಿಗೆ ದುಡ್ಡು. ನಿನ್ನ ರೇಡಿಯೋದವರು ಮಳವಳ್ಳಿಗೆ ಒಬ್ಬರನ್ನು ಕಳಿಸಿ, ಆ ಮನುಷ್ಯನಿಗೆ ಏನು ನೆನಪಿದೆ ಅಂತ ಕೇಳ್ತಾರಾ?"

"ಕೇಳಲ್ಲ."

"ಇನ್ನೂ ಇದೆ. ತಾಯಂದಿರಿಗೆ ಲೆಕ್ಕ ಚೆನ್ನಾಗಿಯೇ ನೆನಪಿತ್ತು. ಆದರೆ ಮೊದಮೊದಲು ಮಗುವಿಗೆ ಭೇದಿ ಆದಾಗ ಕುಡಿಸ್ತಿದ್ದವರು ಬಹಳ ಕಡಿಮೆ. ಯಾಕೆ ಅಂತ ಹುಡುಕಿದರು. ಕಲಿಸೋಕೆ ಹೋದವರಲ್ಲೇ ಎಷ್ಟೋ ಜನಕ್ಕೆ ಅದರ ಮೇಲೆ ನಂಬಿಕೆ ಇರಲಿಲ್ಲ, ತಮಗೆ ಭೇದಿ ಆದರೆ ಮಾತ್ರೆ ನುಂಗೋರು. ಗಂಡಸರಿಗೆ ಯಾರೂ ಹೇಳಿರಲಿಲ್ಲ, ಅವರು ಮನೆಯಲ್ಲಿ ಬೇಡ ಅನ್ನೋರು. ಆಮೇಲೆ ಆ ಹೆಂಗಸರಿಗೆ ಒಳಗೆ ಏನಾಗುತ್ತೆ ಅಂತ ಬಿಡಿಸಿ ಹೇಳಿದರು, ತಾಯಂದಿರ ಕೈಯಲ್ಲೇ ಬೆರೆಸಿಸಿದರು, ಗಂಡಸರ ಜೊತೆ ಮಸೀದಿಯಲ್ಲಿ, ಸಂತೆಯಲ್ಲಿ ಮಾತಾಡಿದರು. ಆಗ ಬಳಕೆ ಏರಿತು. ಗೊತ್ತಾಗೋದಕ್ಕೂ ಮಾಡೋದಕ್ಕೂ ನಡುವೆ ಅಷ್ಟು ಕೆಲಸ ಇದೆ. ನಿನ್ನ ಎರಡು ನಿಮಿಷದಲ್ಲಿ ಅದು ಆಗಲ್ಲ ಅನ್ನೋದೇ ನನ್ನ ತಕರಾರು."

ಹಾಗೆಂದು ಪ್ರಸಾರ ಬೇಡವೆಂದೇ? ಬಾಂಗ್ಲಾದಲ್ಲೂ ಮನೆಬಾಗಿಲ ಕೆಲಸದ ಜೊತೆಗೆ ರೇಡಿಯೋ, ಟಿವಿ, ಗೋಡೆಚಿತ್ರ ಎಲ್ಲವೂ ಇದ್ದವು. ಹತ್ತು ಕಡೆಯಿಂದ ಒಂದೇ ಮಾತು ಕಿವಿಗೆ ಬಿದ್ದಾಗ ಅದು ಊರಿನ ಮಾತಾಗುತ್ತದೆ. ತಜ್ಞೆ ಅದನ್ನೇ ಹೇಳಹೊರಟಳು. ಅಷ್ಟರಲ್ಲಿ ಅತ್ತೆ ಕಾಫಿ ಲೋಟ ಹಿಡಿದು ಬಂದು ಕೂತರು. ಒಲೆಯ ಮೇಲಿನ ಕಾಳು ಇನ್ನೂ ಬೇಯಬೇಕಿತ್ತು.

"ಇದನ್ನು ಕುಡಿಯೋದೋ ಬೇಡವೋ ಮೊದಲು ಹೇಳಿಬಿಡಮ್ಮ. ಹೋದ ವರ್ಷವೋ ಅದರ ಹಿಂದಿನ ವರ್ಷವೋ ಟಿವಿಯಲ್ಲಿ ಎಲ್ಲ ಕಡೆ, ಕಾಫಿ, ಟೀ ಕುಡೀಬೇಡಿ, ಸರ್ಕಾರ ಹೇಳಿದೆ ಅಂತ ಬಂತು. ಪಕ್ಕದ ಮನೆಯವರು ಬಿಟ್ಟೇಬಿಟ್ಟರು."

"ಬಿಡಿ ಅಂತ ಯಾರೂ ಹೇಳಿಲ್ಲ ಅತ್ತೆ. 2024ರ ಮೇ ತಿಂಗಳಲ್ಲಿ ಪೋಷಣಾ ಸಂಸ್ಥೆ ಭಾರತೀಯರ ಊಟಕ್ಕೆ ಹದಿನೇಳು ಸೂತ್ರಗಳ ಪುಸ್ತಕ ತಂದಿತು. ಅದರಲ್ಲಿ ಇರೋದು ಇಷ್ಟು. ಊಟಕ್ಕೆ ಒಂದು ಗಂಟೆ ಮೊದಲು, ಊಟ ಆದ ಒಂದು ಗಂಟೆ ತನಕ ಕಾಫಿ, ಟೀ ಬೇಡ. ಅದರಲ್ಲಿರೋ ಟ್ಯಾನಿನ್ ಊಟದ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತೆ, ಮೈಗೆ ಸೇರೋಕೆ ಬಿಡಲ್ಲ. ಆಮೇಲೆ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬೇಡಿ. ಒಂದು ಲೋಟ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಇರುತ್ತೆ, ಟೀಯಲ್ಲಿ ಅದಕ್ಕಿಂತ ಕಡಿಮೆ. ಅಂದರೆ ದಿನಕ್ಕೆ ಎರಡು ಕಾಫಿ ಆರಾಮಾಗಿ ಕುಡೀರಿ. ಊಟದ ಪಕ್ಕದಲ್ಲಿ ಮಾತ್ರ ಬೇಡ. ಪುಸ್ತಕ ಸರಿಯಾಗೇ ಇತ್ತು, ಶೀರ್ಷಿಕೆ ಕೊಟ್ಟವರು ಕೆಡಿಸಿದರು."

"ಹಾಗಾದರೆ ಇದನ್ನು ಈಗ ಕುಡಿದರೆ?"

"ಊಟಕ್ಕೆ ಇನ್ನೂ ಹೊತ್ತಿದೆಯಲ್ಲ, ಕುಡೀರಿ."

ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅಡುಗೆಮನೆಯಿಂದ ಅವರಿಗೆ ಎಲ್ಲವೂ ಕೇಳಿಸಿತ್ತೆಂದು ಮುಂದಿನ ಮಾತಿನಲ್ಲಿ ಗೊತ್ತಾಯಿತು.

"ನಿಮ್ಮಿಬ್ಬರ ಜಗಳದಲ್ಲಿ ಅಡುಗೆ ಮಾಡೋರು ಎಲ್ಲೂ ಕಾಣಲ್ಲ. ರೇಡಿಯೋದಲ್ಲಿ ನೀನು ಸೊಪ್ಪು ತಿನ್ನಿ ಅಂದೆ. ಸೊಪ್ಪು ಬಿಡಿಸೋರು ಯಾರು? ದಂಟು, ಕೀರೆ, ನುಗ್ಗೆ ತಂದರೆ ಒಂದು ಗಂಟೆ ಕೂತು ಬಿಡಿಸಬೇಕು, ಮಣ್ಣು ಹೋಗೋ ತನಕ ತೊಳೀಬೇಕು. ಗಾರ್ಮೆಂಟ್ಸಿಗೆ ಹೋಗೋ ಹೆಂಗಸು ರಾತ್ರಿ ಎಂಟಕ್ಕೆ ಮನೆಗೆ ಬಂದು ಅದನ್ನೆಲ್ಲಿ ಮಾಡ್ತಾಳೆ? ಈಗ ಈ ಬಸ್ಸಾರನ್ನೇ ತಗೋ. ಕಾಳು ಬೇಯಿಸಿ, ಸೊಪ್ಪು ಹಾಕಿ, ಕಟ್ಟು ಬಸಿದು, ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಹುರಿದು, ತೆಂಗಿನಕಾಯಿ ಸೇರಿಸಿ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಬೇಕು. ಬಸಿದ ಕಾಳು, ಸೊಪ್ಪಿಗೆ ಬೇರೆ ಒಗ್ಗರಣೆ. ರುಚಿ ಅಂತ ತಿಂತೀರಿ. ಒಬ್ಬಳೇ ಇದ್ದರೆ ಮೊಸರನ್ನ ಕಲಸಿಕೊಂಡು ಮಲಗಿಬಿಡ್ತೀನಿ ನಾನು."

ಇಬ್ಬರೂ ಸುಮ್ಮನಾದರು.

"ಇನ್ನೊಂದು," ಎಂದರು ಅತ್ತೆ. "ರಕ್ತ ಇಲ್ಲ, ರಕ್ತ ಇಲ್ಲ ಅಂತ ಹೆಂಗಸರಿಗೆ ಹೇಳ್ತೀರಿ. ಎಷ್ಟೋ ಮನೆಯಲ್ಲಿ ಅವಳು ಕೂರೋದು ಎಲ್ಲರದೂ ಆದ ಮೇಲೆ. ಅಷ್ಟೊತ್ತಿಗೆ ಪಾತ್ರೆಯಲ್ಲಿ ಸಾರಿನ ತಳ, ಒಂದು ಮುದ್ದೆ. ಕಾಳು, ಪಲ್ಯ ಎಲ್ಲಾ ಖಾಲಿ. ಅವಳಿಗೆ ನುಗ್ಗೆಸೊಪ್ಪು ಒಳ್ಳೆಯದು ಅಂತ ಹೇಳಿದರೆ ಏನು ಬಂತು? ಮಿಕ್ಕವರಿಗೆ ಹೇಳು, ಅವಳ ಪಾಲು ತೆಗೆದಿಟ್ಟು ಆಮೇಲೆ ಬಡಿಸಿಕೊಳ್ಳಿ ಅಂತ."

ಆ ಮಧ್ಯಾಹ್ನ ಅಲ್ಲಿಯವರೆಗೆ ಬಂದ ಸಲಹೆಗಳಲ್ಲೆಲ್ಲ ಇದು ಬೇರೆ ದಿಕ್ಕಿನದು. ಪೋಷಣೆಯ ಅಂಕಣಗಳು ಸಾಮಾನ್ಯವಾಗಿ ತಿನ್ನುವವರಿಗೆ ಬರೆಯುತ್ತವೆ. ಬಡಿಸಿಕೊಳ್ಳುವವರಿಗೆ, ಪಾಲು ಮಾಡುವವರಿಗೆ ಬರೆದದ್ದು ಕಡಿಮೆ. ತಜ್ಞೆ ತನ್ನ ಚೀಲದಿಂದ ನೋಟ್‌ಬುಕ್ ತೆಗೆದು ಅತ್ತೆಯ ಮಾತನ್ನು ಬರೆದುಕೊಂಡಳು.

"ಇವಳು ಹೇಳಿದ್ದೇ ನನ್ನ ವಾದ," ಎಂದರು ಮಾವ. "ದುಡ್ಡು, ಸಮಯ, ಪಾಲು ಸರಿಯಾಗದೆ ಉಪದೇಶ ನಡೆಯಲ್ಲ. ಮೊಟ್ಟೆ ವಿಷಯ ನೋಡು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡೋಕೆ ಶುರು ಮಾಡಿದರು. ಕೆಲವು ಮಠಗಳಿಂದ ವಿರೋಧ ಬಂತು, ಟಿವಿಯಲ್ಲಿ ಚರ್ಚೆಯೋ ಚರ್ಚೆ. ಆದರೆ ಮಕ್ಕಳ ತಟ್ಟೆಗೆ ಮೊಟ್ಟೆ ಬಿತ್ತು, ಬೇಡ ಅಂದವರಿಗೆ ಬಾಳೆಹಣ್ಣು, ಚಿಕ್ಕಿ. 2024ಕ್ಕೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡ್ತೀವಿ ಅಂದ ಮೇಲೆ ವಾರಕ್ಕೆ ಆರು ದಿನ ಆಯಿತು. ಪ್ರೋಟೀನ್ ಬಗ್ಗೆ ಸಾವಿರ ಲೇಖನ ಬರೆದಿದ್ದರೂ ಯಾದಗಿರಿಯ ಆ ಮಗುವಿಗೆ ಒಂದು ಮೊಟ್ಟೆ ಸಿಗ್ತಿರಲಿಲ್ಲ."

"ಮಾವ, ಆ ಚರ್ಚೆಯ ಹೊತ್ತಿಗೆ ಏನಾಯಿತು ನೆನಪಿದೆಯಾ? ಗಂಗಾವತಿಯ ಒಬ್ಬ ಶಾಲೆ ಹುಡುಗಿ ಕ್ಯಾಮೆರಾ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ನಿಲ್ಲಿಸಿದರೆ ಮಠಕ್ಕೇ ಬಂದು ತಿಂತೀವಿ ಅಂದಳು. ಆ ವಿಡಿಯೋ ರಾಜ್ಯವೆಲ್ಲ ಓಡಾಡಿತು. ಮೊಟ್ಟೆಯಲ್ಲಿ ಏನಿದೆ, ತನಗೆ ಯಾಕೆ ಬೇಕು ಅಂತ ಆ ಮಗುವಿಗೆ ಯಾರೋ ಹೇಳಿದ್ದರು. ಟೀಚರೋ, ಪಾಠಪುಸ್ತಕವೋ, ನನ್ನಂಥವಳ ರೇಡಿಯೋನೋ. ಕೇಳೋಕೆ ಗೊತ್ತಿದ್ದವರಿಗೆ ತಾನೇ ಕೊಡೋದು?"

ಮಾವ ನಕ್ಕರು. ಬೇಡವೆನ್ನಲಿಲ್ಲ, ಒಪ್ಪಲೂ ಇಲ್ಲ. ಬೇರೆ ಕಡೆಯಿಂದ ಬಂದರು.

"ಇನ್ನೊಂದು ದೊಡ್ಡ ತೊಡಕಿದೆ. ನೀವು ಮಾತು ಬದಲಾಯಿಸ್ತೀರಿ. ಮೊಟ್ಟೆಯ ಹಳದಿ ಬೇಡ ಅಂತ ವರ್ಷಗಟ್ಟಲೆ ಹೇಳಿದಿರಿ. 2015ರಲ್ಲಿ ಅಮೆರಿಕದವರು ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಅನ್ನೋ ಮಿತಿಯನ್ನೇ ಕೈಬಿಟ್ಟರು. ತೆಂಗಿನೆಣ್ಣೆಯದು ಅದಕ್ಕಿಂತ ದೊಡ್ಡ ರಾಮಾಯಣ. 2018ರಲ್ಲಿ ಹಾರ್ವರ್ಡ್ ಜೊತೆ ನಂಟಿದ್ದ ಕರಿನ್ ಮಿಕೆಲ್ಸ್ ಅಂತ ಒಬ್ಬರು ಪ್ರೊಫೆಸರ್ ಜರ್ಮನಿಯ ಫ್ರೈಬುರ್ಗಿನಲ್ಲಿ ಭಾಷಣ ಮಾಡ್ತಾ ತೆಂಗಿನೆಣ್ಣೆ ಅಪ್ಪಟ ವಿಷ ಅಂದುಬಿಟ್ಟರು. ವಿಡಿಯೋ ಲೋಕವೆಲ್ಲ ಸುತ್ತಿತು. ನಮ್ಮ ತೋಟಗಾರಿಕೆ ಕಮಿಷನರ್ ಆ ಮಾತು ವಾಪಸ್ ತಗೊಳ್ಳಿ ಅಂತ ಹಾರ್ವರ್ಡಿಗೆ ಪತ್ರ ಬರೆದರು. ಇತ್ತ ಮಂಗಳೂರಿನ ಡಾಕ್ಟರ್ ಬಿ. ಎಂ. ಹೆಗ್ಡೆ ಅವರು ತೆಂಗಿನೆಣ್ಣೆ ಅಮೃತ ಅನ್ನೋ ಹಾಗೆ ಮಾತಾಡ್ತಾ ಬಂದರು. ಕರಾವಳಿಯಲ್ಲಿ ಮೀನು ಹುರಿಯೋ ಹೆಂಗಸು ಯಾರ ಮಾತು ಕೇಳಬೇಕು?"

"ಇಬ್ಬರದೂ ಬೇಡ, ಲೆಕ್ಕ ಕೇಳಲಿ. ತೆಂಗಿನೆಣ್ಣೆಯಲ್ಲಿ ಶೇ 90ರ ಹತ್ತಿರ ಸ್ಯಾಚುರೇಟೆಡ್ ಕೊಬ್ಬು, ಅದು ನಿಜ. 2020ರಲ್ಲಿ ಹದಿನಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬೇರೆ ಅಡುಗೆ ಎಣ್ಣೆಗೆ ಹೋಲಿಸಿದರೆ ಕೆಟ್ಟ ಕೊಲೆಸ್ಟರಾಲ್ ಹತ್ತು ಅಂಕದಷ್ಟು ಏರಿತ್ತು, ಒಳ್ಳೆಯದೂ ನಾಲ್ಕರಷ್ಟು ಏರಿತ್ತು. ಕೇರಳದಲ್ಲಿ ಹೃದ್ರೋಗ ಇರೋ ಇನ್ನೂರರ ಹತ್ತಿರ ಜನಕ್ಕೆ ಎರಡು ವರ್ಷ, ಅರ್ಧ ಜನಕ್ಕೆ ತೆಂಗಿನೆಣ್ಣೆ, ಅರ್ಧ ಜನಕ್ಕೆ ಸೂರ್ಯಕಾಂತಿ ಎಣ್ಣೆ ಕೊಟ್ಟು ನೋಡಿದರು. ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ವಿಷ ಅನ್ನೋದೂ ತಪ್ಪು, ಅಮೃತ ಅನ್ನೋದೂ ತಪ್ಪು. ದಿನಕ್ಕೆ ಒಬ್ಬರಿಗೆ ಎಲ್ಲ ಎಣ್ಣೆ, ತುಪ್ಪ ಸೇರಿ ಐದಾರು ಚಿಕ್ಕ ಚಮಚದೊಳಗೆ ಇದ್ದರೆ, ಅದರಲ್ಲಿ ಸ್ವಲ್ಪ ತೆಂಗಿನದಿದ್ದರೆ ಗಾಬರಿ ಬೇಡ. ನಾವು ಮಾತು ಬದಲಾಯಿಸ್ತೀವಿ ಅಂದ್ರಲ್ಲ, ಹೊಸ ಪ್ರಯೋಗ ಬಂದ ಮೇಲೂ ಹಳೇ ಮಾತನ್ನೇ ಹಿಡಿದು ಕೂತರೆ ನೀವೇ ಬೈತಿದ್ರಿ."

"ಬೈತಿದ್ದೆ. ಆದರೆ ಕೇಳೋರಿಗೆ ಪ್ರಯೋಗ ಕಾಣಲ್ಲ, ಬದಲಾವಣೆ ಮಾತ್ರ ಕಾಣುತ್ತೆ. ಪ್ರತಿ ಸಲ ಬದಲಾದಾಗಲೂ ಒಂದಿಷ್ಟು ನಂಬಿಕೆ ಹೋಗುತ್ತೆ. ಆ ಜಾಗಕ್ಕೆ ಯಾರು ಬರ್ತಾರೆ ಅಂತ ನಿನಗೇ ಗೊತ್ತು."

ಗೊತ್ತಿತ್ತು. 2023ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಆರೋಗ್ಯದ ಹೆಸರಿನಲ್ಲಿ ಪದಾರ್ಥಗಳನ್ನು ಹೊಗಳುವ ಇನ್‌ಫ್ಲುಯೆನ್ಸರುಗಳು ತಮ್ಮ ವಿದ್ಯಾರ್ಹತೆ ಏನೆಂದು ತೋರಿಸಬೇಕು ಎಂದು ನಿಯಮ ತಂದಿದೆ. ನಿಯಮ ಕಾಗದದಲ್ಲಿದೆ. ಹಾಗಲಕಾಯಿ ರಸದಿಂದ ಹಿಡಿದು ಬಿಸಿನೀರಿನವರೆಗೆ ಏನೇನೋ ಮಾರುವ ವಿಡಿಯೋಗಳು ಮೊಬೈಲಿನಲ್ಲಿ ಎಂದಿನಂತೆ ಓಡುತ್ತಿವೆ. ಬಿಳಿ ಕೋಟು ತೊಟ್ಟು ಕೂತರೆ ಡಾಕ್ಟರೆಂದು ನಂಬುವವರ ಸಂಖ್ಯೆಯೂ ಕಡಿಮೆಯಾಗಿಲ್ಲ. ಈ ಒಂದು ವಿಷಯದಲ್ಲಿ ಮಾವ, ಸೋದರ ಸೊಸೆ ಇಬ್ಬರಿಗೂ ಭಿನ್ನಾಭಿಪ್ರಾಯ ಬರಲಿಲ್ಲ.

ಕಾಳು ಬೆಂದಿತ್ತು. ಅತ್ತೆ ಎದ್ದು ಒಳಗೆ ಹೋದರು. ತಜ್ಞೆ ಮುಂದಿನ ಅಂಕಣಕ್ಕೆ ಬರೆದ ಕರಡನ್ನು ಮಾವನ ಮುಂದಿಟ್ಟಳು. ವಿಷಯ ಉಪ್ಪು. ಮೊದಲ ಸಾಲಿನಲ್ಲೇ ಒಂದು ಎಚ್ಚರಿಕೆ, ಆಮೇಲೆ ವಿವರ. ದಿನಕ್ಕೆ ಐದು ಗ್ರಾಂ ಸಾಕು, ಅಂದರೆ ಒಂದು ಚಿಕ್ಕ ಚಮಚ, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಎಲ್ಲ ಸೇರಿ. ಅದರ ನಂತರ ಕಡಿಮೆ ಸೋಡಿಯಂ ಇರುವ ಉಪ್ಪಿನ ಸಂಗತಿ. ಚೀನಾದ 600 ಹಳ್ಳಿಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಉಪ್ಪಿನ ಕಾಲು ಭಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೊಟ್ಟಿದ್ದರಿಂದ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಗಿತ್ತು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮನೆಯಲ್ಲಿ ಅಂಥ ಉಪ್ಪು ಬಳಸಬಹುದು ಎಂದಿತು. ಮೂತ್ರಪಿಂಡದ ತೊಂದರೆ ಇದ್ದವರು, ಬಸುರಿಯರು, ಮಕ್ಕಳನ್ನು ಮಾತ್ರ ಆ ಸಲಹೆಯಿಂದ ಹೊರಗಿಟ್ಟಿದೆ.

ಮಾವ ಕನ್ನಡಕ ಏರಿಸಿಕೊಂಡು ಓದಿದರು. ಮೊದಲ ಸಾಲಿಗೇ ಪೆನ್ನು ನಿಂತಿತು.

"ಮೂತ್ರಪಿಂಡದ ತೊಂದರೆ ಇದ್ದವರು ಈ ಉಪ್ಪನ್ನು ಮುಟ್ಟಬಾರದು. ಇದನ್ನು ಮೊದಲನೇ ಸಾಲಿಗೆ ಹಾಕಿದ್ದೀಯ. ಓದೋರು ಹೆದರಿ ಅಲ್ಲಿಗೇ ಬಿಡ್ತಾರೆ. ಕೊನೆಗೆ ಹಾಕು."

"ಕೊನೆಗೆ ಹಾಕಿದರೆ ಜಾಗ ಸಾಲದೆ ನಿಮ್ಮ ಡೆಸ್ಕಿನವರು ಮೊದಲು ಕತ್ತರಿಸೋದು ಆ ಸಾಲನ್ನೇ."

"ಅದು ನಿಜ," ಎಂದು ಅವರು ಪೆನ್ನು ಎತ್ತಿದರು, ಮತ್ತೆ ಇಳಿಸಿದರು. "ಹಾಗಾದರೆ ನಡುವೆ ಹಾಕು. ಬಾಕ್ಸ್ ಮಾಡು."

"ಬಾಕ್ಸ್ ರೇಡಿಯೋದಲ್ಲಿ ಕಾಣಲ್ಲ ಮಾವ. ಇದನ್ನೇ ನಾನು ಫೋನ್-ಇನ್‌ನಲ್ಲೂ ಹೇಳಬೇಕು."

"ರೇಡಿಯೋಕ್ಕೆ ಬೇರೆ ಬರೆ, ಪತ್ರಿಕೆಗೆ ಬೇರೆ ಬರೆ. ಒಂದೇ ಕರಡು ಎರಡು ಕಡೆ ನಡೆಯಲ್ಲ."

"ರೇಡಿಯೋದಲ್ಲಿ ಮೊದಲ ಸಾಲೇ ಇರುತ್ತೆ," ಎಂದು ಅವಳು ಆ ಸಾಲಿನ ಕೆಳಗೆ ಗೆರೆ ಎಳೆದಳು. "ಪತ್ರಿಕೆಯದು ನೋಡೋಣ."

ಒಳಗಿನಿಂದ ಅತ್ತೆ ಕೇಳಿದರು, "ಆ ಉಪ್ಪು ಕೇಜಿಗೆ ಎಷ್ಟಂತೆ?"

ಮಾಮೂಲಿ ಅಯೋಡಿನ್ ಉಪ್ಪಿಗಿಂತ ಜಾಸ್ತಿ ಎಂದಳು ತಜ್ಞೆ. ಎಷ್ಟು ಜಾಸ್ತಿ, ನಮ್ಮ ಬೀದಿ ಅಂಗಡಿಯಲ್ಲಿ ಸಿಗುತ್ತದೆಯೇ ಎಂಬುದು ಅತ್ತೆಯ ಮುಂದಿನ ಪ್ರಶ್ನೆ. ಕರಡಿನಲ್ಲಿ ಅದು ಇರಲಿಲ್ಲ. ಅವಳು ಅಂಚಿನಲ್ಲಿ 'ಬೆಲೆ, ಎಲ್ಲಿ ಸಿಗುತ್ತೆ' ಎಂದು ಬರೆದು, ಊಟ ಮುಗಿಸಿ ಅಂಗಡಿಗೆ ಹೋಗಿ ಕೇಳಿಕೊಂಡು ಬರುವುದಾಗಿ ಹೇಳಿದಳು. ಮಾವ ಅಷ್ಟರಲ್ಲಿ ಮೂರನೇ ಪ್ಯಾರಾಕ್ಕೆ ಬಂದಿದ್ದರು.

"ಇಲ್ಲಿ 'ಸೋಡಿಯಂ' ಎಷ್ಟು ಸಲ ಬಂದಿದೆ ನೋಡಿದ್ಯಾ?" ಎಂದು ಎಣಿಸತೊಡಗಿದರು.